ಹನ್ನೊಂದು ಸಲ ಹೋಗದ ಪತ್ರ

ಯಾರಾದರೂ "ಕಳಿಸಿದೀನಿ ಸಾರ್" ಎಂದರೆ ನಾನು ನಂಬುವುದಿಲ್ಲ. ಇದು ನನ್ನ ದುರ್ಗುಣವಲ್ಲ, ಇಪ್ಪತ್ತೊಂಬತ್ತು ವರ್ಷದ ಸರ್ಕಾರಿ ನೌಕರಿ ಕಲಿಸಿದ ಪಾಠ. ನಮ್ಮ ಕಚೇರಿಯ ರವಾನೆ ವಿಭಾಗದ ಬೈರಯ್ಯ "ಆಗ್ಲೇ ಹೋಯ್ತು ಸಾರ್" ಎಂದು ಎದೆ ತಟ್ಟಿ ಹೇಳಿದ ಪತ್ರ ಮೂರು ತಿಂಗಳ ನಂತರ ಅವನ ಊಟದ ಡಬ್ಬಿಯ ಕೆಳಗೆ ಸಿಕ್ಕಿದ್ದುಂಟು. ಅದೇ ಬೈರಯ್ಯ "ಇಲ್ಲ ಸಾರ್, ಹೋಗಿಲ್ಲ" ಎಂದದ್ದು ಒಂದು ಸಲವೂ ಸುಳ್ಳಾಗಿಲ್ಲ. ಆದ್ದರಿಂದ 'ಆಯಿತು' ಎನ್ನುವವನನ್ನೂ 'ಆಗಿಲ್ಲ' ಎನ್ನುವವನನ್ನೂ ಎದುರುಬದುರು ನಿಲ್ಲಿಸಿದರೆ ಈ ವೆಂಕಟಾಚಲನ ಓಟು ಯಾವಾಗಲೂ ಎರಡನೆಯವನಿಗೇ. ಈ ಮಹಾಸಿದ್ಧಾಂತ ಕಚೇರಿಯಲ್ಲಿ ನನ್ನನ್ನು ಕಾಪಾಡಿತು, ಮನೆಯಲ್ಲಿ ಮುಳುಗಿಸಿತು.

ಎರಡು ಸಾವಿರದ ಎಂಟನೇ ಇಸವಿ. ಮಗಳು ಸುಪ್ರಜಾ ಶೇಷಾದ್ರಿಪುರಂನ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದಳು. ಅದುವರೆಗೆ ಐದು ಸಂಬಂಧಗಳು ಬಸವನಗುಡಿಯ ನಮ್ಮ ಮನೆಗೆ ಬಂದು, ಕೇಸರಿಬಾತು ತಿಂದು, "ತಿಳಿಸ್ತೀವಿ" ಎಂದು ಹೇಳಿ ಹೋಗಿದ್ದವು. ಆರನೆಯದು ಚಾಮರಾಜಪೇಟೆಯ ಸುಬ್ಬನರಸಿಂಹಯ್ಯನವರ ಮಗ ವಸಿಷ್ಠ. ನಮ್ಮ ಮಗಳು ಹುಡುಗನೊಬ್ಬನ ಫೋಟೋವನ್ನು ಎರಡನೇ ಸಲ ಕೇಳಿ ನೋಡಿದ್ದು ಅದೇ ಮೊದಲು. ಸುಬ್ಬನರಸಿಂಹಯ್ಯನವರು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದರು: "ಶುಕ್ರವಾರ ಸಂಜೆಯೊಳಗೆ ಜಾತಕ, ವಿವರ ಎಲ್ಲಾ ಈಮೇಲ್ ಮಾಡ್ಬಿಡಿ. ಭಾನುವಾರ ಇನ್ನೊಂದು ಕಡೆ ಹೆಣ್ಣು ನೋಡೋಕೆ ಹೋಗ್ಬೇಕು."

ಅವರ ಮನೆ ನಮ್ಮಲ್ಲಿಂದ ನಡೆದರೆ ಹದಿನೈದು ನಿಮಿಷ. ನಾನೇ ಹೋಗಿ ಕೊಟ್ಟು ಬರುತ್ತೇನೆ ಎಂದೆ.

"ಏನ್ರೀ ಮಾತಾಡ್ತೀರ!" ಎಂದಳು ನನ್ನ ಧರ್ಮಪತ್ನಿ ಭಾಗೀರಥಿ. "ಹೆಣ್ಣಿನ ಕಡೆಯೋರು ಹೋಗಿ ಬಾಗಿಲು ತಟ್ಟಿದ್ರೆ ಮೇಲೆ ಬಿದ್ದ ಹಾಗಾಗಲ್ವಾ? ಈಮೇಲೇ ಕಳ್ಸಿ. ಮೂರೇ ಸಾಲು. ಒಂದೇ ಒಂದು ಸಲ. ನಮಗೇನೂ ಅವಸರ ಇಲ್ಲ ಅನ್ನೋ ಹಾಗಿರಬೇಕು."

"ಅವಸರ ಇದೆಯಲ್ಲೇ?"

"ಅದಕ್ಕೇ ಹೇಳಿದ್ದು."

ಶುಕ್ರವಾರ ಅರ್ಧ ದಿನ ರಜೆ ಹಾಕಿದೆ. ರಾಹುಕಾಲ ಮುಗಿದು ಹನ್ನೆರಡು ಹೊಡೆದ ಮೇಲೆ ಕಂಪ್ಯೂಟರಿನ ಮುಂದೆ ಪ್ರತಿಷ್ಠಾಪಿತನಾದೆ. "ಮಗಳ ಜಾತಕ, ಫೋಟೋ ಲಗತ್ತಿಸಿದೆ. ಎತ್ತರ ಐದಡಿ ಎರಡಂಗುಲ. ಬಿಡುವಾದಾಗ ನೋಡುವುದು." ಇಷ್ಟನ್ನು ಆಫೀಸು ಇಂಗ್ಲಿಷಿನಲ್ಲಿ ಬರೆದು, ಭಾಗೀರಥಿಯ ಅನುಮೋದನೆ ಪಡೆದು, ಗಣಪತಿಗೆ ಕೈಮುಗಿದು ಗುಂಡಿ ಒತ್ತಿದೆ. ಪರದೆಯ ಮೇಲ್ಗಡೆ 'ನಿಮ್ಮ ಪತ್ರ ಕಳಿಸಲಾಗಿದೆ' ಎಂಬ ಪಟ್ಟಿ ಬಂತು. ಸಮಾಧಾನದಿಂದ ಏಳಬೇಕು, ಅಷ್ಟರಲ್ಲಿ ಕೆಳಗಿನ ಬಲಮೂಲೆಯಲ್ಲಿ ಒಂದು ಪುಟಾಣಿ ಹಳದಿ ತ್ರಿಕೋನ ಕಣ್ಣಿಗೆ ಬಿತ್ತು. ಅದರ ಮೇಲೆ ಬಾಣದ ಗುರುತು ಇಟ್ಟರೆ 'ಇಂಟರ್ನೆಟ್ ಸಂಪರ್ಕ ಇಲ್ಲ' ಎಂದು ಸಾರಿತು.

ಒಂದೇ ಕಚೇರಿ, ಇಬ್ಬರು ಗುಮಾಸ್ತರು. ಮೇಲಿನವನು 'ಹೋಯ್ತು ಸಾರ್' ಎನ್ನುತ್ತಾನೆ, ಕೆಳಗಿನವನು 'ಹೋಗಿಲ್ಲ ಸಾರ್' ಎನ್ನುತ್ತಾನೆ. ನಾನು ಯಾರನ್ನು ನಂಬಿದೆ ಎಂದು ಬೇರೆ ಹೇಳಬೇಕೆ?

ಮತ್ತೆ ಕಳಿಸಿದೆ. ಮೇಲೆ ಹೋಯ್ತು, ಕೆಳಗೆ ಇಲ್ಲ. ಕಂಪ್ಯೂಟರ್ ಆರಿಸಿ ಹಚ್ಚಿದೆ. ಮೋಡೆಮ್ಮಿನ ವೈರು ಕಿತ್ತು, ಊದಿ, ಒರೆಸಿ, ಸಿಕ್ಕಿಸಿದೆ. ದೋಷ ಹುಡುಕುವ ಗುಂಡಿಯೊಂದಿತ್ತು, ಅದನ್ನೂ ಒತ್ತಿದೆ. ಐದು ನಿಮಿಷ ಗಿರಗಿರ ತಿರುಗಿ, 'ನಿಮ್ಮ ಅಡ್ಮಿನಿಸ್ಟ್ರೇಟರನ್ನು ಸಂಪರ್ಕಿಸಿ' ಎಂದಿತು. (ಸಂಪರ್ಕಿಸಿದೆ. ಆಕೆ ಒಗ್ಗರಣೆ ಹಾಕುತ್ತಿದ್ದಳು. "ನಂಗೇನ್ ಗೊತ್ತು, ನೀವೇ ನೋಡ್ಕೊಳ್ಳಿ" ಎಂದಳು.)

ಕಡೆಗೆ ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದೆ. ಅರ್ಧ ಗಂಟೆ ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು.

"ಮೋಡೆಮ್‌ನಲ್ಲಿ ಎಷ್ಟು ಲೈಟ್ ಇದೆ ಸಾರ್?"

"ನಾಲ್ಕು."

"ನಾಲ್ಕೂ ಹಸಿರಾ? ಹಾಗಾದ್ರೆ ನೆಟ್ ಇದೆ ಸಾರ್."

"ಕಂಪ್ಯೂಟರೇ ಇಲ್ಲ ಅಂತಿದೆಯಲ್ಲಮ್ಮಾ!"

"ಅದು ಸುಮ್ನೆ ಹಾಗ್ ಹೇಳತ್ತೆ ಸಾರ್."

ಸುಮ್ಮನೆ ಹೇಳುತ್ತದಂತೆ! ಮನುಷ್ಯರು ಸುಮ್ಮನೆ ಹೇಳುತ್ತಾರೆ, ಯಂತ್ರ ಯಾಕೆ ಸುಮ್ಮನೆ ಹೇಳೀತು? ಫೋನ್ ಕುಕ್ಕಿದೆ.

ಗಂಟೆ ಎರಡಾಯಿತು. ಹಾಲಿನಿಂದ ಕೋಣೆಗೆ, ಕೋಣೆಯಿಂದ ಹಾಲಿಗೆ ನಾನು ನಡೆದದ್ದೇ ನಡೆದದ್ದು. ಮಗಳಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಸೈಬರ್ ಸೆಂಟರಿಗೆ ಹೊರಟರೆ "ಹುಡುಗಿ ಜಾತಕಾನ ಕಂಡೋರ್ ಮುಂದೆ ಬಿಚ್ತೀರಾ?" ಎಂದು ತಡೆಯಾಜ್ಞೆ. ಅತ್ತ ಚಾಮರಾಜಪೇಟೆಯಲ್ಲಿ ಸುಬ್ಬನರಸಿಂಹಯ್ಯನವರು ಗಡಿಯಾರ ನೋಡುತ್ತಾ ಕೂತಿರುವ ಚಿತ್ರ ಕಣ್ಣಿಗೆ ಕಟ್ಟಿತು. ಎರಡನೇ ಸಲ ನೋಡಿದ ಆ ಫೋಟೋ ನನ್ನಿಂದಾಗಿ ಕೈತಪ್ಪಿದರೆ ಮಗಳಿಗೆ ಹೇಗೆ ಮುಖ ತೋರಿಸಲಿ?

ಹೇಗೂ ಹೋಗಿಲ್ಲವಲ್ಲ ಎಂದು ಪ್ರತಿ ಸಲವೂ ಪತ್ರವನ್ನು ಇಷ್ಟಿಷ್ಟು ತಿದ್ದಿದೆ. ಅಡುಗೆಮನೆಯಿಂದ ಭಾಗೀರಥಿ "ಹೀಲ್ಸ್ ಹಾಕಿದ್ರೆ ಐದು ನಾಲ್ಕು ಬರ್ತಾಳ್ರೀ" ಎಂದಳು, ನಾಲ್ಕನೆಯದರಲ್ಲಿ ಮಗಳು ಎರಡಂಗುಲ ಬೆಳೆದಳು. ಐದನೆಯದರಲ್ಲಿ ಸಂಗೀತ ಕಲಿತಳು. ಆರನೆಯದರಲ್ಲಿ ಹದಿನಾರು ಬಗೆಯ ಅಡುಗೆ ಮಾಡಿದಳು. ಏಳನೆಯದು 'ಟೆಸ್ಟಿಂಗ್, ಟೆಸ್ಟಿಂಗ್, ವೆಂಕಟಾಚಲ'. ಎಂಟನೆಯದು ಬರಿಯ 'ಥತ್'. ಒಂಬತ್ತು, ಹತ್ತರಲ್ಲಿ ಏನಿತ್ತೆಂದು ನನಗೂ ನೆನಪಿಲ್ಲ, ಅಷ್ಟು ರೇಗಿತ್ತು. ನಾಲ್ಕೂವರೆಯ ಹೊತ್ತಿಗೆ ರೇಗುವ ಶಕ್ತಿಯೂ ಮುಗಿಯಿತು. ಯಾರೂ ಓದದ ಪತ್ರ ತಾನೇ ಎಂದುಕೊಂಡು, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡವನ್ನೇ ಕುಟ್ಟುತ್ತಾ ಮನಸ್ಸಿನಲ್ಲಿದ್ದುದನ್ನೆಲ್ಲ ಒಂದು ಪುಟ ಬರೆದು ಹನ್ನೊಂದನೇ ಸಲ ಗುಂಡಿ ಒತ್ತಿದೆ.

ಐದೂವರೆಗೆ ಸುಪ್ರಜಾ ಬಂದಳು. ನನ್ನ ಗೋಳು ಕೇಳಿ ನಕ್ಕಳು.

"ಅಪ್ಪಾ, ನೆಟ್ ಇದೆ. ಆ ತ್ರಿಕೋನ ನಾಲ್ಕು ದಿನದಿಂದ ಹಾಗೇ ಇದೆ, ನಾನು ದಿನಾ ಮೇಲ್ ನೋಡ್ತಿಲ್ವಾ?" ಎನ್ನುತ್ತಾ ಕುಳಿತವಳು, ಕಳಿಸಿದ ಪತ್ರಗಳ ಪಟ್ಟಿ ತೆರೆದು ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಹನ್ನೊಂದು ಸಲ ಯಾಕಪ್ಪಾ ಕಳ್ಸಿದೀಯ?"

"ಹನ್ನೊಂದಾ!" ಭಾಗೀರಥಿ ಸೌಟು ಹಿಡಿದೇ ಓಡಿ ಬಂದಳು. "ಅಯ್ಯೋ, ಒಂದ್ಸಲ ಅಂತ ಬಡ್ಕೊಂಡೆನಲ್ರೀ! ಕೊನೇದ್ರಲ್ಲಿ ಏನು ಬರೆದಿದೀರ?"

ಸುಪ್ರಜಾ ಅದನ್ನು ಓದಿ ಮುಗಿಸಿ, ನನ್ನ ಮುಖ ನೋಡಿ, ತಟಕ್ಕನೆ ಮುಚ್ಚಿದಳು. "ಏನಿಲ್ಲಮ್ಮ. ನಮಸ್ಕಾರ ಅಂತ ಬರ್ದಿದಾರೆ."

ಅಷ್ಟರಲ್ಲಿ ಫೋನ್ ಬಂತು. "ಎಲ್ಲಾ ತಲುಪಿದೆ," ಎಂದರು ಸುಬ್ಬನರಸಿಂಹಯ್ಯನವರು. "ಭಾನುವಾರ ನಿಮ್ಮನೆಗೇ ಬರ್ತೀವಿ. ಕೆಲವು ವಿಷಯಕ್ಕೆ ಸ್ಪಷ್ಟನೆ ಬೇಕು."

ಶನಿವಾರ ನಮ್ಮ ಮನೆಯಲ್ಲಿ ಯಾರೂ ನನ್ನ ಜೊತೆ ಮಾತಾಡಲಿಲ್ಲ. (ಅಂದರೆ ಭಾಗೀರಥಿ ಮಾತಾಡಲಿಲ್ಲ. ನಮ್ಮಲ್ಲಿ ಎರಡೂ ಒಂದೇ.)

ಭಾನುವಾರ ಹನ್ನೊಂದಕ್ಕೆ ಅವರು ಹೆಂಡತಿ, ಮಗನ ಸಮೇತ ದಯಮಾಡಿಸಿದರು. ಕಂಕುಳಲ್ಲಿ ಒಂದು ಫೈಲು. ಆಡಿಟ್ ಇಲಾಖೆಯಲ್ಲಿ ನಿವೃತ್ತರಾದವರು, ಹನ್ನೊಂದು ಪತ್ರಗಳನ್ನೂ ಪ್ರಿಂಟು ಹಾಕಿಸಿ, ಪುಟಸಂಖ್ಯೆ ಕೊಟ್ಟು, ದಾರ ಕಟ್ಟಿ ತಂದಿದ್ದರು.

"ಪುಟ ಒಂದರಲ್ಲಿ ಹುಡುಗಿ ಐದು ಎರಡು, ಪುಟ ನಾಲ್ಕರಲ್ಲಿ ಐದು ನಾಲ್ಕು. ಎರಡು ಗಂಟೇಲಿ ಎರಡಂಗುಲ?" ಕನ್ನಡಕದ ಮೇಲಿಂದ ನೋಡಿದರು. "ಪುಟ ಎಂಟು, 'ಥತ್'. ಇದು ನಮಗೆ ಹೇಳಿದ್ದಾ?"

ನಾನು ಕೈಮುಗಿದು ತ್ರಿಕೋನದ ಪುರಾಣ ಹೇಳಿದೆ. ವಸಿಷ್ಠ ನಗು ತಡೆಯಲಾರದೆ ಕೆಮ್ಮಿದ. ಸುಪ್ರಜಾಳೂ ಕೆಮ್ಮಿದಳು. ಭಾಗೀರಥಿಯ ಕಣ್ಣಲ್ಲಿ ನೀರಾಡಿತು, ಆರನೆಯ ಸಂಬಂಧವೂ ಹೋಯಿತು ಎಂದುಕೊಂಡಳು ಪಾಪ.

"ಹತ್ತು ಪುಟಕ್ಕೂ ಆಕ್ಷೇಪಣೆ ಇದೆ," ಎಂದರು ಅವರು. "ಆದ್ರೆ ಈ ಹನ್ನೊಂದನೇದು ಓದಿ ನಮ್ಮನೆಯವರು ಕಣ್ಣೊರೆಸಿಕೊಂಡ್ರು. ಸಂಬಂಧ ಮಾಡಿದ್ರೆ ಇಲ್ಲೇ ಅಂದ್ರು."

"ಕೇಸರಿಬಾತು ತಗೊಳ್ಳಿ, ಆರಿ ಹೋಗತ್ತೆ," ಎಂದೆ ನಾನು ಗಾಬರಿಯಿಂದ.

"ಇರಿ, ಭಾಗೀರಥಮ್ಮನೋರೂ ಕೇಳಲಿ." ಓದತೊಡಗಿದರು. "'ಸ್ವಾಮಿ, ಇದು ನಿಮಗೆ ತಲುಪಲ್ಲ, ಅದಕ್ಕೇ ನಿಜ ಬರೀತೀನಿ. ಹುಡುಗಿ ಐದು ಎರಡೇ. ಹಾಡಲ್ಲ. ಅನ್ನಕ್ಕೆ ಎಷ್ಟು ನೀರು ಅಂತ ಈಗಲೂ ಅಮ್ಮನ್ನ ಕೇಳ್ತಾಳೆ. ಆದರೆ ನನಗೆ ಜ್ವರ ಬಂದರೆ ಕಾಲೇಜಿಗೆ ರಜಾ ಹಾಕಿ ತಲೆ ಹತ್ರ ಕೂರ್ತಾಳೆ. ಅವಳು ಹೋದ್ಮೇಲೆ ಈ ಮನೇಲಿ ನನ್ನ ಪರ ಮಾತಾಡೋರು ಯಾರೂ ಇಲ್ಲ.'"

ಭಾಗೀರಥಿ ಸೆರಗಿನಿಂದ ಕಣ್ಣೊರೆಸಿಕೊಂಡು, ಮೂವತ್ತು ವರ್ಷದಲ್ಲಿ ಅಪರೂಪಕ್ಕೆ ನನ್ನ ಕಡೆ ಮೃದುವಾಗಿ ನೋಡಿದಳು. ಅಲ್ಲಿಗೆ ನಿಲ್ಲಿಸಬಾರದಿತ್ತೆ ಪುಣ್ಯಾತ್ಮರು!

"'ಗುಟ್ಟು ಕಾಪಾಡೋದ್ರಲ್ಲಿ ಅವಳನ್ನ ಬಿಟ್ರೆ ಇಲ್ಲ. ನನಗೆ ಸಕ್ಕರೆ ಕಾಯಿಲೆ. ದಿನಾ ಬೆಳಿಗ್ಗೆ ಆರಕ್ಕೆ ವಾಕಿಂಗ್ ಅಂತ ಹೊರಟು, ಪಾರ್ಕಿನ ಹಿಂದಿನ ಹೋಟ್ಲಲ್ಲಿ ಎರಡು ಬೆಣ್ಣೆ ದೋಸೆ, ಸಕ್ಕರೆ ಹಾಕಿದ ಕಾಫಿ ಮುಗಿಸಿ, ಮುಖಕ್ಕೆ ನೀರು ಚಿಮುಕಿಸ್ಕೊಂಡು ಬೆವರಿದ ಹಾಗೆ ಮನೆಗೆ ಬರ್ತೀನಿ. ಮೂರು ವರ್ಷದಿಂದ ಮಗಳಿಗೆ ಗೊತ್ತು, ಒಂದು ದಿನಾನೂ ಅಮ್ಮನ ಹತ್ರ ಬಾಯಿ ಬಿಟ್ಟಿಲ್ಲ.' ಇಂಥಾ ಹುಡುಗಿ ಎಲ್ಲಿ ಸಿಗ್ತಾಳೆ ಹೇಳಿ?"

ಭಾಗೀರಥಿ ನಿಧಾನವಾಗಿ ಎದ್ದು, ಬೀಗರೆಲ್ಲರ ತಟ್ಟೆಗೆ ಕೇಸರಿಬಾತು ಬಡಿಸಿ, ನನ್ನ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದಳು. ಬಾಗಿಲಿನಲ್ಲಿ ತಿರುಗಿ, ತುಂಬಾ ಸಿಹಿಯಾದ ದನಿಯಲ್ಲಿ, "ನಾಳೆಯಿಂದ ವಾಕಿಂಗ್‌ಗೆ ನಾನೂ ಬರ್ತೀನ್ರೀ" ಎಂದಳು.

ತಾಂಬೂಲ ಕೊಟ್ಟು ಬೀಳ್ಕೊಡುವಾಗ ಸುಬ್ಬನರಸಿಂಹಯ್ಯನವರು ಗೇಟಿನ ಬಳಿ ನನ್ನನ್ನು ಪಕ್ಕಕ್ಕೆ ಎಳೆದು ಪಿಸುಗುಟ್ಟಿದರು: "ನಂಗೂ ಶುಗರ್ರು ಸ್ವಾಮಿ. ಆ ಹೋಟ್ಲು ಪಾರ್ಕಿನ ಯಾವ ಕಡೆ ಬರತ್ತೆ?"

ಮಾಘದಲ್ಲಿ ಮದುವೆಯೂ ಆಯಿತು. ಈಗ ಬೆಳಿಗ್ಗೆ ಆರಕ್ಕೆ ಭಾಗೀರಥಿಯ ಕಾವಲಿನಲ್ಲಿ ಪಾರ್ಕಿಗೆ ಆರು ಸುತ್ತು ಹಾಕುತ್ತೇನೆ. ಪ್ರತಿ ಸುತ್ತಿನಲ್ಲೂ ಹೋಟೆಲಿನ ಕಿಟಕಿ ಕಾಣುತ್ತದೆ. ಕಿಟಕಿ ಪಕ್ಕದ ನನ್ನ ಮೇಜು, ನನ್ನ ಕುರ್ಚಿ, ಎರಡು ಬೆಣ್ಣೆ ದೋಸೆ, ಅದರ ಮುಂದೆ ಬೀಗರು. ನನ್ನನ್ನು ಕಂಡ ತಕ್ಷಣ ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತಾರೆ. ಮೊನ್ನೆ ಬೀಗಿತ್ತಿ ಬಂದಿದ್ದರು. "ನಮ್ಮೋರೂ ಈಗ ದಿನಾ ವಾಕಿಂಗ್ ಶುರು ಮಾಡಿದಾರೆ, ನಿಮ್ಮನ್ನ ನೋಡಿ ಬುದ್ಧಿ ಬಂತು" ಎಂದು ಸಂತೋಷಪಟ್ಟರು. ನಾನು ಹೆಣ್ಣಿನ ತಂದೆ. "ಹೌದು, ದಿನಾ ನೋಡ್ತೀನಿ" ಎಂದೆ.