ನೀರು ಹಾಕೀರಿ, ಜೋಕೆ!

ಬೇಸಿಗೆ ಬಂತೆಂದರೆ ನಮ್ಮ ಆದೋನಿಗೆ ಆದೋನಿಯೇ ನೀರು ಬರಲಿ ಎಂದು ನಲ್ಲಿಯ ಮುಂದೆ ಕಾವಲು ಕೂರುತ್ತದೆ. ನೀರು ಬೀಳದಿರಲಿ ಎಂದು ಕಾವಲು ಕೂರುವ ಜೀವ ಇಡೀ ಊರಿನಲ್ಲಿ ಒಂದೇ ಒಂದು. ಅದು ನಮ್ಮ ಸೋದರತ್ತೆ! ತಂಬಿಗೆ ಹಿಡಿದು ಅಂಗಳ ದಾಟುವವರನ್ನು ಆಕೆ ನೋಡುವ ನೋಟವನ್ನು ಪೊಲೀಸರು ಕಲಿತರೆ ಊರಲ್ಲಿ ಕಳವೇ ನಡೆಯಲಿಕ್ಕಿಲ್ಲ.

ಎಲ್ಲಕ್ಕೂ ಕಾರಣ ಅಡವಿ ಹೂವಿನ ಹುಚ್ಚು. ನಮ್ಮೂರ ಬಿಸಿಲಿಗೆ ಬೆಟ್ಟದ ಬಂಡೆಗಳೂ ನೆರಳು ಹುಡುಕುತ್ತವೆ. ಇಂಥ ಕಡೆ ಕಾಡಿನ ತಂಪಿನಲ್ಲಿ ಬೆಳೆಯುವ ಹೂವನ್ನು ಯಾರಾದರೂ ಬೆಳೆಸುತ್ತಾರೆಯೇ? ಅತ್ತೆ ಬೆಳೆಸುತ್ತಾರೆ. ನಲ್ಲಮಲ ಬೆಟ್ಟದ ಬುಡದ ಊರಿನಲ್ಲಿರುವ ಬೀಗರು ಉಡಿ ತುಂಬಿ ಕಳಿಸಿದರೆ, ಆ ಖಣದ ಬಟ್ಟೆಯಲ್ಲಿ ಅವರ ಹಿತ್ತಲಿನ ಅಡವಿ ಅರಿಷಿಣದ ಗಡ್ಡೆಗಳನ್ನು ಕಟ್ಟಿಕೊಂಡು ಬಂದವರು ಅವರು!

ಕಾಡಿನ ನೆಲದ ಮೇಲೆ ತರಗೆಲೆ ಇರುತ್ತದಲ್ಲ, ಅದೂ ಬೇಕಾಯಿತು. ಬೀದಿಯ ಬೇವಿನ ಎಲೆಯನ್ನೆಲ್ಲ ಬಾಚಿ ತಂದು ಅಂಗಳದಲ್ಲಿ ಹಾಸಿದರು. ಬೀದಿ ಗುಡಿಸುವಾಕೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಏಮಮ್ಮಾ, ನಾನು ಗುಡಿಸೋದು, ನೀವು ಹರವೋದು! ಹಿಂಗಾದ್ರ ನನ್ನ ಕೆಲಸ ಮುಗಿಯೋದು ಯಾವಾಗ?”

ಅದೇ ವಾರ ಅತ್ತೆಯ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದರು. ಕಾಲಿಟ್ಟಲ್ಲೆಲ್ಲ ಚರಚರ ಸದ್ದು. ಗಂಡಿನ ತಾಯಿ ಸೀರೆ ಎತ್ತಿಕೊಂಡು, “ಮನ್ಯಾಗ ಕಸಬರಿಗಿ ಇಲ್ಲೇನ್ರಿ?” ಎಂದರು. ಅತ್ತೆ ಗಾಬರಿಯಿಂದ, “ಕಸಬರಿಗಿ ಐತ್ರಿ! ಮೆಲ್ಲಕ, ಮೆಲ್ಲಕ, ಅಲ್ಲಿ ಮೊಳಕಿ ಅದಾವ!” ಎಂದರು. ಸಂಬಂಧ ಕೂಡಲಿಲ್ಲ. ಮೊಳಕೆಗಳು ಉಳಿದವು. ಮಗಳಿಗೆ ಆಮೇಲೆ ಎಮ್ಮಿಗನೂರಿನಲ್ಲಿ ಒಳ್ಳೆಯ ಮನೆಯೇ ಸಿಕ್ಕಿತೆನ್ನಿ.

ಈ ಗಿಡದ ಗುಣವೊಂದು ವಿಚಿತ್ರ. ಮಳೆಗಾಲ ಮುಗಿದರೆ ಎಲೆಯೆಲ್ಲ ಒಣಗಿ, ಗಡ್ಡೆ ಮಣ್ಣೊಳಗೆ ಮುಸುಕೆಳೆದು ಮಲಗಿಬಿಡುತ್ತದೆ. ಬೇಸಿಗೆಯುದ್ದಕ್ಕೂ ಬರೀ ಕುಂಡ, ಬರೀ ಮಣ್ಣು. ಆಗ ನೀರು ಬಿದ್ದರೆ ಕೊಳೆತೇ ಹೋಗುತ್ತದೆ. ಹಿಂದಿನ ವರ್ಷ ಮಾವ ಊಟ ಮಾಡಿ ದಿನಾ ಅಲ್ಲೇ ಕೈತೊಳೆದು ಒಂದನ್ನು ಬಿಟ್ಟು ಮಿಕ್ಕ ಗಡ್ಡೆಗಳಿಗೆಲ್ಲ ಮೋಕ್ಷ ಕರುಣಿಸಿದ್ದರು. ಉಳಿದ ಆ ಒಂದೇ ಗಡ್ಡೆ ಅಂಚು ಮುಕ್ಕಾದ ಒಂದು ಹಳೆಯ ಕುಂಡದಲ್ಲಿತ್ತು, ಅತ್ತೆಯ ಜೀವ ಆ ಗಡ್ಡೆಯಲ್ಲಿತ್ತು.

ಹತ್ತಿ ವ್ಯಾಪಾರಿ ಮಾವ ಬಂದವರಿಗೆಲ್ಲ ತೋರಿಸುವರು: “ಜನ ಬಂಗಾರಕ್ಕ ಕಾವಲು ಕುಂದರ್ತಾರ. ನಮ್ಮಾಕಿ ಮಣ್ಣಿಗೆ ಕುಂತಾಳ ನೋಡ್ರಿ!”

ಆ ಮನೆಯಲ್ಲಿ ಇನ್ನೊಬ್ಬರಿದ್ದಾರೆ. ಅತ್ತೆಯ ಅತ್ತೆ. ನಾವೆಲ್ಲ ಅಜ್ಜಿ ಎನ್ನುತ್ತೇವೆ. ಕಣ್ಣು ಪೂರ್ತಿ ಮಂಜು, ಗೋಡೆ ಹಿಡಿದು ಓಡಾಟ. ಅರವತ್ತು ದಾಟಿದ ಸೊಸೆಯನ್ನು ಇವತ್ತಿಗೂ ಕರೆಯುವುದು “ಏ ಹುಡುಗಿ” ಎಂದೇ. ಪೂಜೆಯ ನೀರನ್ನು ಯಾರೂ ತುಳಿಯಬಾರದಲ್ಲ, ಅದನ್ನು ಬೆಳಗ್ಗೆ ದಾಸವಾಳದ ಬುಡಕ್ಕೆ ಹಾಕಿ ಬರುವುದು ಅವರ ಕೆಲಸ. ಹಿಂದೆ ಇಡೀ ಮನೆ ನಡೆಸಿದ ಕೈಗೆ ಈಗ ಉಳಿದದ್ದು ಅದೊಂದೇ.

ಈ ಬೇಸಿಗೆಯಲ್ಲಿ ಒಂದು ಬೆಳಗ್ಗೆ ಅತ್ತೆಯ ಫೋನು: “ಅಳಿಯಾ, ಜಲ್ದಿ ಬಾ! ಮಣ್ಣು ಹಸಿ ಆಗೈತಿ!”

ಓಡಿದೆ. ಅತ್ತೆ ಕುಂಡದೊಳಗೆ ಮೂಗಿಟ್ಟು ಕೂತಿದ್ದರು. ನನ್ನ ತಲೆಯನ್ನೂ ಹಿಡಿದು ಬಗ್ಗಿಸಿದರು.

“ಕೊಳೆತ ವಾಸನಿ ಬರ್ತೈತೇನ ನೋಡು.”

“ಮಣ್ಣಿನ ವಾಸನಿ ಬರ್ತೈತಿ, ಅತ್ತಿ.”

“ಸರಿಯಾಗಿ ಮೂಸೋ! ನೆಗಡಿ ಆಗೈತೇನ ನಿನಗ?”

ವಿಚಾರಣೆ ಶುರುವಾಯಿತು. ಹಾಲಿನವನು, ಪಕ್ಕದ ಮನೆಯ ಬೆಕ್ಕು, ಎಲ್ಲರ ಮೇಲೂ ಅನುಮಾನ. ಮಾವ ಎದೆ ಮುಟ್ಟಿಕೊಂಡು, “ನಾನಲ್ಲವ್ವಾ, ನನ್ನ ತಕ್ಕಡಿ ಮ್ಯಾಲ ಆಣಿ!” ಎಂದರು.

“ನಿಮ್ಮ ತಕ್ಕಡಿ ಮ್ಯಾಲ ಆಣಿ ಮಾಡಿದ್ರ ನಂಬಾಕ ನಾನೇನು ನಿಮ್ಮ ಗಿರಾಕಿಯೇನ್ರಿ?”

ಮರುದಿನ ನಸುಕಿಗೇ ನಾನೂ ಅತ್ತೆಯೂ ಬಾಗಿಲ ಸಂದಿಯಲ್ಲಿ ಅಡಗಿ ನಿಂತೆವು. ಪೂಜೆಯ ನೀರು ಹಿಡಿದು ಅಜ್ಜಿ ಬಂದರು. ದಾಸವಾಳಕ್ಕೆ ಅರ್ಧ ಹಾಕಿದರು. ಆಮೇಲೆ ಒಂದೊಂದೇ ಕುಂಡದ ಅಂಚು ಸವರುತ್ತ ಬಂದು, ಮುಕ್ಕು ಕೈಗೆ ಸಿಕ್ಕ ಕೂಡಲೇ ನಿಂತರು. ಉಳಿದ ನೀರನ್ನೆಲ್ಲ ಅಲ್ಲಿಗೇ ಸುರಿದರು!

“ಪಾಪ, ಹುಡುಗಿ ಹಗಲೆಲ್ಲ ನಿಂದ ಚಿಂತಿ ಮಾಡ್ತಾಳ. ಈ ಮನ್ಯಾಗ ಒಬ್ಬರರ ನಿನಗ ಒಂದು ಹನಿ ನೀರು ಹಾಕ್ತಾರೇನು? ಏಳವ್ವಾ, ಲಗೂನ ಏಳು.”

ನಾನು ಬಾಯಿ ತೆರೆದೆ. ಅತ್ತೆಯ ಕೈ ಬಂದು ನನ್ನ ಬಾಯಿ ಮುಚ್ಚಿತು. ಇನ್ನೇನು ಪ್ರಳಯ ಎಂದುಕೊಂಡರೆ, ಆಕೆ ಸದ್ದಿಲ್ಲದೆ ಒಳಗೆ ಹೋಗಿ ಅಜ್ಜಿಗೆ ಚಹಾ ಇಟ್ಟರು.

ಅಂದು ಮಧ್ಯಾಹ್ನ ಮನೆಗೆ ಒಂದು ಹೊಸ ಕುಂಡ ಬಂತು. ಅತ್ತೆ ಅದಕ್ಕೆ ಬರೀ ಮಣ್ಣು ತುಂಬಿದರು, ರುಬ್ಬುಗುಂಡು ತಂದು ಅಂಚಿಗೆ ಒಂದೇಟು ಹಾಕಿದರು. ಕಣ್ಣು ಮುಚ್ಚಿ ಮುಕ್ಕಿನ ಮೇಲೆ ಬೆರಳಾಡಿಸಿದರು. ಸಣ್ಣದಾಯಿತೇನೋ, ಇನ್ನೊಂದೇಟು. ಮಾವ ಓಡಿ ಬಂದರು.

“ಹೊಸ ಕುಂಡ ಒಡಿಯಾಕ ಹತ್ತ್ಯಾಳಲ್ಲೋ! ಪೂರಾ ತಲಿ ಕೆಟ್ಟಿತು!”

“ಮೆಲ್ಲಕ ಮಾತಾಡ್ರಿ. ಅತ್ತಿ ಕೇಳಿಸ್ಕೊಂತಾರ.”

ಹೊಸ ಕುಂಡ ಗೋಡೆಯ ಪಕ್ಕಕ್ಕೆ, ಹಳೆಯದು ಮೆಟ್ಟಿಲ ಕೆಳಗೆ. ಅಜ್ಜಿ ದಿನಾ ಬರೀ ಮಣ್ಣಿಗೆ ನೀರು ಹಾಕಿ ಎಬ್ಬಿಸುವರು. ಅತ್ತೆ ದಿನಾ ಮೆಟ್ಟಿಲ ಕೆಳಗೆ ತೂರಿ ಮೂಸುವರು. ಅಗೆದು ನೋಡುವಂತಿಲ್ಲ, ಬೇರು ಕಡಿದೀತು. ಸುಮ್ಮನಿರುವಂತಿಲ್ಲ, ಎದೆ ಒಡೆದೀತು.

ಮುಂಗಾರು ಬಂತು. ಬೀದಿಯ ಕಳೆಯೆಲ್ಲ ಎದ್ದು ನಿಂತಿತು, ಕುಂಡ ಮಾತ್ರ ಬೋಳು. ಅತ್ತೆಯ ಊಟ ಅರ್ಧಕ್ಕಿಳಿಯಿತು.

“ಸತ್ತಿದ್ರ ವಾಸನಿ ಬರ್ತಿತ್ತಲ್ಲೋ ಅಳಿಯಾ? ಬಂದಿಲ್ಲಂದ್ರ ಬದುಕೈತಿ, ಅಲ್ಲೇನೋ?”

“ಹೌದತ್ತಿ.”

“ನಿನಗೇನು ಗೊತ್ತು, ನಿನಗ ನೆಗಡಿ!”

“ಹೋಗಲಿ ಬಿಡ್ರಿ, ಇನ್ನೊಂದು ತರೋಣು” ಎಂದೆ. ಆಕೆ ಕುಂಡದ ಅಂಚಿನ ಮಣ್ಣು ಒರೆಸಿದರು.

“ಗಡ್ಡಿ ಇನ್ನೊಂದು ಸಿಗ್ತೈತೋ. ತನ್ನ ನೀರಿನಿಂದ ಸತ್ತಿತು ಅಂತ ಆ ಮುದುಕಿಗೆ ಗೊತ್ತಾದ್ರ, ನಾಳಿಂದ ಆಕಿ ತಂಬಿಗಿ ಮುಟ್ಟಾಕಿಲ್ಲ.”

ಕೊನೆಗೂ ಒಂದು ದಿನ ಮಣ್ಣು ಸೀಳಿ ಹಸಿರು ಮೊನೆಯೊಂದು ಇಣುಕಿತು. ಎಲೆ ಬಿಚ್ಚಿತು. ಎಲೆಗಳ ನಡುವೆ ಗುಲಾಬಿ ಬಣ್ಣದ ಕಿರೀಟ, ಅದರ ಕೆಳಗೆ ಪುಟ್ಟ ಪುಟ್ಟ ಹಳದಿ ಹೂವು. ಮಾವನೂ ಕನ್ನಡಕ ಹಾಕಿಕೊಂಡು ಬಂದು ನೋಡಿದರು! ಅತ್ತೆ ಮಾತ್ರ ಯಾರ ಮುಂದೂ ಮೆರೆಯಲಿಲ್ಲ. ಹಳೆಯ ಕುಂಡವನ್ನು ಎದೆಗವಚಿಕೊಂಡು ಗೋಡೆಯ ಪಕ್ಕಕ್ಕೆ, ಹೊಸದರ ಜಾಗಕ್ಕೆ ತಂದಿಟ್ಟರು.

ಬೆಳಗ್ಗೆ ಅಜ್ಜಿ ಬಂದರು. ಬೆರಳು ಅಂಚಿನ ಮೇಲೆ ಹರಿದು, ಮುಕ್ಕು ತಾಗಿ, ಮೇಲೇರಿ, ತಂಪು ಹೂವಿನ ಮೇಲೆ ನಿಂತಿತು.

“ಏ ಹುಡುಗಿ! ಬಂತೇನ?”

“ಬಂತ್ರಿ, ಅತ್ತಿ.”

“ನೋಡಿದೇನು? ನೀ ಒಂದು ಹನಿ ಹಾಕಲಿಲ್ಲ. ನನ್ನ ನೀರಿಗೆ ಬಂತು!”

ಇಡೀ ಬೇಸಿಗೆ ನೀರಿಗೆ ಹೆದರಿ ನಿದ್ದೆಗೆಟ್ಟ ನಮ್ಮತ್ತೆ ಸೆರಗಿನಿಂದ ಮೂಗೊರೆಸಿಕೊಂಡರು.

“ಹೌದ್ರಿ ಅತ್ತಿ, ನಿಮ್ಮ ನೀರಿಗೇ ಬಂತು” ಎಂದು ಅಜ್ಜಿಯ ತಂಬಿಗೆಯನ್ನು ಮತ್ತೆ ತುಂಬಿ, ಅವರ ಕೈಗೆ ಕೊಟ್ಟರು. “ಇನ್ನೊಂದಿಷ್ಟು ಹಾಕ್ರಿ.”