ಕಂಪನಿಯ ಮನೆ ನೋಡಲು ಹೋದ ಮಾವ

ನಮ್ಮ ಮಾವನಿಗೆ ಈ ಪ್ರಪಂಚದಲ್ಲಿ ಸ್ನೇಹಿತರೂ ಇಲ್ಲ, ಶತ್ರುಗಳೂ ಇಲ್ಲ, ಇರುವವರೆಲ್ಲ ಬೀಗರೇ. ಹಸು ಕೊಂಡರೆ, ಮಾರಿದವನು ಬೀಗ. ಅದು ಕರು ಹಾಕಿದಾಗ ಅವನ ಮನೆಗೆ ಗಿಣ್ಣುಹಾಲು ಹೋಗಲೇಬೇಕು, 'ಮೊಮ್ಮಗ ಹುಟ್ಟವ್ನೆ, ಬಾಯಿ ಸಿಹಿ ಮಾಡ್ಕಳಿ' ಎಂಬ ಸಂದೇಶದೊಡನೆ. ಚನ್ನಪಟ್ಟಣದಲ್ಲಿ ಮೊಬೈಲ್ ಕೊಂಡ ಮೇಲೆ ಆ ಅಂಗಡಿಯವನನ್ನು ಹಬ್ಬದೂಟಕ್ಕೆ ಕರೆದು, ಅವನು ಬರಲಿಲ್ಲವೆಂದು ತಿಂಗಳುಗಟ್ಟಲೆ ಮುನಿಸಿಕೊಂಡಿದ್ದವರು ಅವರು. ಇಂಥ ಮನುಷ್ಯನ ಕೈಗೆ ಒಂದು ಇಡೀ ಕಾರ್ಖಾನೆ ಸಿಕ್ಕರೆ ಏನಾಗುತ್ತದೆ ಹೇಳಿ? ನನ್ನ ಇಂಜಿನಿಯರಿಂಗಿನ ಕೊನೆಯ ವರ್ಷ ಆಗುತ್ತದೆ!

ಮಾವ ಎಂದರೆ ನಮ್ಮಪ್ಪನ ಅಕ್ಕನ ಗಂಡ. ವಿರೂಪಾಕ್ಷಿಪುರದ ಹತ್ತಿರ ಹಿಪ್ಪುನೇರಳೆ ತೋಟ, ಮನೆ ತುಂಬ ರೇಷ್ಮೆಹುಳು. ನನ್ನನ್ನು ಸೊಸೆ ಮಾಡಿಕೊಳ್ಳಲು ಅವರಿಗೆ ಗಂಡುಮಕ್ಕಳಿಲ್ಲ, ಆದ್ದರಿಂದ ಓದುಗರು ಈಗಲೇ ಬೇರೆ ಕಥೆ ಕಟ್ಟುವ ಅಗತ್ಯವಿಲ್ಲ. ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿ ಮುಗಿಸಿ, ಆ ಅನುಭವವನ್ನು ಎಲ್ಲಿ ಖರ್ಚು ಮಾಡುವುದೆಂದು ಚಡಪಡಿಸುತ್ತಿದ್ದರು. ನಮ್ಮ ಮನೆ ಮಾಗಡಿ ಕಡೆ, ಗುಡೇಮಾರನಹಳ್ಳಿ. ನಮ್ಮಪ್ಪ ಬಾಯಿ ಬಿಟ್ಟರೆ ಮುತ್ತು ಉದುರುತ್ತದೇನೋ ಎಂಬಂತೆ ಬಿಗಿಹಿಡಿದು ಮಾತಾಡುವ ಮನುಷ್ಯ. ಹಾಗಾಗಿ ನಮ್ಮ ಮನೆಯ ಸಕಲ ಮಾತುಕತೆಗೂ ಮಾವನೇ ಯಜಮಾನರು.

ನಮ್ಮ ಕಾಲೇಜಿನಲ್ಲಿ ಕೊನೆಯ ವರ್ಷ ಪೂರ್ತಿ ಯಾವುದಾದರೂ ಕಾರ್ಖಾನೆಯಲ್ಲಿ ಕೆಲಸ ಕಲಿಯಬೇಕಿತ್ತು. ಮೆಕ್ಯಾನಿಕಲ್ ಓದುತ್ತಿದ್ದ ನನಗೆ ರಾಮನಗರದ ಆಚೆ, ಕಾರಿನ ಬಿಡಿಭಾಗ ಮಾಡುವ ಕಂಪನಿ ಸಿಕ್ಕಿತು. ಚೆನ್ನಾಗಿ ಮಾಡಿದವರನ್ನು ವರ್ಷದ ಕೊನೆಗೆ ಅಲ್ಲೇ ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ ಎಂದೂ ಹೇಳಿದ್ದರು. ನನಗೆ ಅಲ್ಲೇ ಉಳಿಯಬೇಕೆಂಬ ಹಟ. ಲೇತ್ ಯಂತ್ರದ ಮುಂದೆ ನಿಂತರೆ ನನಗೆ ಹಸಿವೂ ಆಗುವುದಿಲ್ಲ, ಅಂಥ ಹುಚ್ಚು. ಅಪ್ಪನಿಗೆ ವಿಷಯ ಹೇಳಿದೆ. "ಮಾವನ್ನ ಕೇಳು" ಎಂದರು. ಅಲ್ಲಿಗೆ ಅವರ ಆ ವಾರದ ಮಾತು ಮುಗಿಯಿತು.

ಮಾವ ಎಲ್ಲವನ್ನೂ ಕೂಲಂಕಷವಾಗಿ ವಿಚಾರಿಸಿದರು.

"ವರ್ಸ ಪೂರ್ತಿ ಅಲ್ಲೇ ಇರ್ಬೇಕಾ?"

"ಹ್ಞೂ ಮಾವ, ಅವರದೇ ಹಾಸ್ಟೆಲ್ ಇದೆ."

"ಆಮ್ಯಾಕೆ ಒಪ್ಪುದ್ರೆ ಅಲ್ಲೇ ಮಡಿಕತಾರಾ?"

"ಹ್ಞೂ."

"ಹಂಗಾದ್ರೆ ಮನೆ ನೋಡ್ದೆ ಹೆಂಗವ್ವ ಕಳ್ಸದು?"

ತಮಾಷೆ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು! ನಾನು ಸೇರಿದ ಮೊದಲ ವಾರದಲ್ಲೇ ಒಂದು ಬೆಳಿಗ್ಗೆ ಮಾವ ಒಂದು ಟೆಂಪೋ ತುಂಬ ನೆಂಟರನ್ನು ಹತ್ತಿಸಿಕೊಂಡು ಕಂಪನಿಯ ಗೇಟಿಗೆ ಬಂದಿಳಿದರು. ಎಲ್ಲರೂ ಬಿಳಿ ಪಂಚೆ, ಬಿಳಿ ಶರ್ಟು. ಒಬ್ಬರ ಹೆಗಲ ಮೇಲೆ ಮಾತ್ರ ಹಸಿರು ಟವೆಲ್, ಅವತ್ತು ಮನೆಯಲ್ಲಿ ಒಗೆದದ್ದು ಅದೊಂದೇ ಇತ್ತಂತೆ. ಗೇಟಿನ ಸೆಕ್ಯೂರಿಟಿಯವನು ಟೆಂಪೋ ನೋಡಿದ, ಪಂಚೆಗಳನ್ನು ನೋಡಿದ, ಹಸಿರು ಟವೆಲ್ ನೋಡಿದ, ಒಳಗೆ ಫೋನ್ ಮಾಡಿ "ಮೇಡಂ, ರೈತರು ಧರಣಿಗೆ ಬಂದವ್ರೆ" ಎಂದುಬಿಟ್ಟ.

ಎಚ್.ಆರ್. ಮೇಡಂ ಓಡಿಬಂದರು. ಎಲ್ಲರನ್ನೂ ಏಸಿ ರೂಮಿನಲ್ಲಿ ಕೂರಿಸಿ, ಬಿಸ್ಕತ್ತು, ಟೀ ತರಿಸಿ, ಕೈಮುಗಿದು, "ನಿಮ್ಮ ಬೇಡಿಕೆ ಏನು ಹೇಳಿ ಸರ್, ಮಾತಾಡಿ ಬಗೆಹರಿಸೋಣ" ಎಂದರು.

"ಬೇಡ್ಕೆ ಏನಿಲ್ಲ ತಾಯಿ," ಎಂದರು ಮಾವ, ಎಲೆ ಅಡಿಕೆ ತಟ್ಟೆಯನ್ನು ಮೇಜಿನ ಮೇಲೆ ಇಡುತ್ತ. "ಹುಡ್ಗಿ ನಮ್ದು. ಒಸಿ ಮನೆ ನೋಡ್ಕಂಡ್ ಹೋಗಾನ ಅಂತ ಬಂದೊ."

ಮೇಡಂಗೆ ಇದು ಹೊಸ ಬಗೆಯ ಹೋರಾಟ ಅನ್ನಿಸಿರಬೇಕು. ಮರುಮಾತಾಡದೆ ಇಡೀ ಕಾರ್ಖಾನೆ ತೋರಿಸಿದರು. ಹೆಣ್ಣು ಕೊಡುವ ಮುನ್ನ ಮನೆ ನೋಡುವುದರಲ್ಲಿ ನಮ್ಮವರ ಪದ್ಧತಿ ನಿಮಗೆ ಗೊತ್ತಲ್ಲ, ಹಜಾರವನ್ನು ಯಾರೂ ನೋಡುವುದಿಲ್ಲ. ನೀರು ನೋಡುತ್ತಾರೆ, ಕೊಟ್ಟಿಗೆ ನೋಡುತ್ತಾರೆ, ಕೊನೆಗೆ ಹಿತ್ತಲಿಗೆ ಹೋಗಿ ತಿಪ್ಪೆ ನೋಡುತ್ತಾರೆ. ತಿಪ್ಪೆ ದೊಡ್ಡದಿದ್ದರೆ ದನ ಹೆಚ್ಚು, ದನ ಹೆಚ್ಚಿದ್ದರೆ ಮನೆ ಗಟ್ಟಿ. ಜಪಾನಿನಿಂದ ತಂದ ರೋಬೋಟನ್ನು ಮಾವ ತಿರುಗಿಯೂ ನೋಡಲಿಲ್ಲ. ಕ್ಯಾಂಟೀನಿನ ನಲ್ಲಿ ತಿರುಗಿಸಿ ಒಂದು ಬೊಗಸೆ ನೀರು ಕುಡಿದು ತಲೆಯಾಡಿಸಿದರು. ಆಮೇಲೆ ಹಿಂದುಗಡೆ, ಕೆಟ್ಟುಹೋದ ಬಿಡಿಭಾಗಗಳನ್ನೆಲ್ಲ ತಂದು ಸುರಿಯುವ ಜಾಗಕ್ಕೆ ನಡೆದೇಬಿಟ್ಟರು. ಅಲ್ಲಿ ಆಳೆತ್ತರದ ರಾಶಿ ಬಿದ್ದಿತ್ತು. ಆ ರಾಶಿ ಯಾಕಿಷ್ಟು ಬೆಳೆದಿದೆಯೆಂದು ಪ್ಲಾಂಟ್ ಮ್ಯಾನೇಜರು ಹಿಂದಿನ ದಿನವಷ್ಟೇ ಮೇಲಿನವರಿಂದ ಉಗಿಸಿಕೊಂಡಿದ್ದರು. ಮಾವ ಅವರ ಕೈ ಹಿಡಿದು, "ತಿಪ್ಪೆ ಬೋ ಚೆನ್ನಾಗಿ ಮಡ್ಗಿದೀರಿ ಸಾಮಿ, ಒಳ್ಳೆ ಮನೆತನ" ಎಂದರು. ಮ್ಯಾನೇಜರ ಮುಖ ನೋಡಲಾಗದೆ ನಾನು ಒಂದು ಕಂಬದ ಹಿಂದೆ ನಿಂತೆ.

ಸಂಬಂಧ ಕುದುರಿತು. ಅಂದಿನಿಂದ ಪ್ರತಿ ಭಾನುವಾರ ಫೋನು.

"ನಿಮ್ಮತ್ತೆ ಹೆಂಗವ್ಳೆ? ಕಾಟ ಗೀಟ ಕೊಡ್ತಾಳಾ?"

ಅತ್ತೆ ಎಂದರೆ ಎಚ್.ಆರ್. ಮೇಡಂ! ಮದುವೆಯೇ ಆಗದ ಆ ಹೆಂಗಸಿಗೆ ನನ್ನಂಥ ಸೊಸೆ. "ಇಲ್ಲ ಮಾವ, ಒಳ್ಳೆಯವರು" ಎನ್ನುತ್ತಿದ್ದೆ.

"ಒಲೆ ಮುಟ್ಟಕ್ ಬುಟ್ರಾ?"

ಒಲೆ ಎಂದರೆ ಯಂತ್ರ. ಸೇರಿ ವಾರಗಳು ಕಳೆದರೂ ನನ್ನನ್ನು ಯಾರೂ ಯಂತ್ರದ ಹತ್ತಿರ ಬಿಟ್ಟಿರಲಿಲ್ಲ. ನನ್ನ ಜೊತೆ ಸೇರಿದ ಹುಡುಗ ಮೊದಲ ದಿನದಿಂದ ಒಳಗೆ ಲೇತಿನ ಮುಂದೆ. ನಾನು ಆಫೀಸಿನಲ್ಲಿ ಜೆರಾಕ್ಸ್ ಯಂತ್ರದ ಮುಂದೆ. ಅದೂ ಯಂತ್ರವೇ ತಾನೆ ಎಂದು ನನಗೆ ಕೆಲಸ ಕಲಿಸಬೇಕಿದ್ದ ಗೈಡ್ ಹಲ್ಲು ಬಿಡುತ್ತಿದ್ದ. "ಇನ್ನೂ ಇಲ್ಲ ಮಾವ" ಎಂದೆ. ಆ ಕಡೆಯಿಂದ ಒಂದು ದೀರ್ಘ ಹೂಂಕಾರ ಬಂತು.

ಅಷ್ಟರಲ್ಲಿ ಆಷಾಢ ಬಂತು. ಹೊಸದಾಗಿ ಗಂಡನ ಮನೆ ಸೇರಿದ ಹೆಣ್ಣನ್ನು ಆಷಾಢಕ್ಕೆ ತವರಿಗೆ ಕರೆದೊಯ್ಯಬೇಕು. ಸರಿ, ಮಾವ ಹೊಸ ಸೀರೆ, ಹಣ್ಣು, ಒಂದು ಬುಟ್ಟಿ ಚಕ್ಕುಲಿ ಹೊತ್ತು ಎಚ್.ಆರ್. ಮೇಡಂ ಮುಂದೆ ಹಾಜರಾದರು.

"ಆಸಾಡ ಬಂತು ತಾಯಿ, ಮಗೀನ ಒಸಿ ಕಳಿಸ್ಕೊಡಿ."

"ಸರ್, ನಮ್ಮಲ್ಲಿ ಸಿಕ್ ಲೀವ್ ಇದೆ, ಕ್ಯಾಶುವಲ್ ಲೀವ್ ಇದೆ. ಆಷಾಢದ ರಜ ಅಂತ ಇಲ್ಲ."

"ಇಲ್ದಿದ್ರೆ ಮಾಡ್ಕಳಿ, ಅದ್ಕೇನಂತೆ. ಇನ್ನೊಂದ್ ಮಾತು. ಮನೆಗ್ ಬಂದ ಹೆಣ್ಗೆ ಒಲೆ ಮುಟ್ಟಕ್ ಬುಟ್ಟಿಲ್ವಂತೆ? ನಮ್ ಕಡೆ ಹಂಗ್ ಮಾಡುದ್ರೆ ನಾಕ್ ಜನ ಸೇರ್ತಾರೆ ತಾಯಿ."

ನಾಲ್ಕು ಜನ ಎಂದರೆ ಪಂಚಾಯ್ತಿಗೆ ಕೂರುವ ಹಿರಿಯರು ಎಂದು ಮಾವನ ಲೆಕ್ಕ. ಮೇಡಂ ಕಣ್ಣಿಗೆ ಮಾತ್ರ ಹೈವೇ ತುಂಬ ಹಸಿರು ಟವೆಲ್ ಕಂಡಿರಬೇಕು. ನನಗೆ ರಜವೂ ಸಿಕ್ಕಿತು, ಮರಳಿ ಬಂದ ದಿನವೇ ಲೇತೂ ಸಿಕ್ಕಿತು. ಸೀರೆ ಮೇಡಂಗೆ ಒಪ್ಪುತ್ತಿತ್ತು, ಉಟ್ಟೂ ಬಂದರು.

ಆ ಮೇಲಿನ ತಿಂಗಳುಗಳಷ್ಟು ಸುಖವಾಗಿ ನಾನು ಯಾವತ್ತೂ ಇರಲಿಲ್ಲ. ಎಣ್ಣೆ ಮೆತ್ತಿದ ಕೈ, ಕಿವಿಯಲ್ಲಿ ಯಂತ್ರದ ಸದ್ದು, ಕೈಬೆರಳಿಗೆ ಕಬ್ಬಿಣದ ಸಿಬಿರು. ಊರಿಗೆ ಹೋಗುವಾಗ ಬಸ್ಸಿನಲ್ಲಿ ಪಕ್ಕ ಕೂತವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಇತ್ತ ಮಾವ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ "ನಮ್ಮುಡ್ಗಿ ಕಂಪ್ನೀಲಿ ನೆಲೆ ನಿಂತ್ಲು" ಎಂದು ಸಾರಿಬಿಟ್ಟಿದ್ದರು. ಹೋಬಳಿಗೆ ಹೋಬಳಿಯೇ ನನ್ನ ಕೆಲಸ ಖಾಯಂ ಎಂದು ನಂಬಿತ್ತು. ಕಂಪನಿಯೊಂದನ್ನು ಬಿಟ್ಟು.

ವರ್ಷದ ಕೊನೆಗೆ ಒಂದು ಬೆಳಿಗ್ಗೆ ಮೇಡಂ ನನ್ನನ್ನು ಕರೆದರು. ಅವರ ಮುಖ ಸಪ್ಪಗಿತ್ತು. "ನಿನ್ನ ಕೆಲಸದ ಬಗ್ಗೆ ಯಾರದೂ ಎರಡು ಮಾತಿಲ್ಲಮ್ಮ. ಆದ್ರೆ ಇರೋದು ಒಂದೇ ಜಾಗ. ಮೂರು ಪಾಳಿ ಕೆಲಸ, ಹುಡುಗ ಆದ್ರೆ ಅನುಕೂಲ ಅಂತ ಮೇಲಿನವರು ತೀರ್ಮಾನ ಮಾಡಿದ್ರು. ನಾನು ಹೇಳಿ ನೋಡ್ದೆ" ಎಂದರು.

ಹಾಸ್ಟೆಲಿಗೆ ಬಂದು ಗೋಡೆ ನೋಡುತ್ತ ಕೂತೆ. ಕೆಲಸ ಹೋದ ಸಂಕಟ ಒಂದು ಕಡೆ. ಬೀಗರ ಮನೆಯಿಂದ ಹೆಣ್ಣು ತಿರುಗಿ ಬಂದರೆ ಮಾವ ಮಾರುಕಟ್ಟೆಯಲ್ಲಿ ಹೇಗೆ ತಲೆ ಎತ್ತುತ್ತಾರೆ ಎನ್ನುವ ಸಂಕಟ ಇನ್ನೊಂದು ಕಡೆ. ಸೋದರತ್ತೆಗೆ ಫೋನ್ ಮಾಡಿ ಎಲ್ಲ ಹೇಳಿ, "ಮಾವನಿಗೆ ಹೇಳಬೇಡಿ, ನಾನೇ ನಿಧಾನವಾಗಿ ಹೇಳ್ತೀನಿ" ಎಂದೆ. ನಮ್ಮತ್ತೆಗೆ ಗುಟ್ಟು ಹೇಳುವುದೂ ಒಂದೇ, ಡಂಗುರ ಸಾರುವುದೂ ಒಂದೇ.

ಮಧ್ಯಾಹ್ನದ ಹೊತ್ತಿಗೆ ಗೇಟಿನಲ್ಲಿ ಟೆಂಪೋ ನಿಂತಿತ್ತು. ಈ ಸಲ ನೆಂಟರಿಲ್ಲ, ಬಿಳಿ ಶರ್ಟಿಲ್ಲ. ಸೊಪ್ಪಿನ ಕಲೆಯಾದ ಬನಿಯನ್ನಿನಲ್ಲೇ ಮಾವ ಒಬ್ಬರೇ ಇಳಿದರು. ಆ ದಿನ ಅವರ ಮನೆಯಲ್ಲಿ ಹುಳು ಹಣ್ಣಾಗಿದೆಯೆಂದು ಅತ್ತೆ ಫೋನಿನಲ್ಲೇ ಹೇಳಿದ್ದರು. ಹಣ್ಣಾದ ಹುಳುವನ್ನು ಆಯಾ ಹೊತ್ತಿಗೆ ಆರಿಸಿ, ಗೂಡು ಕಟ್ಟಲು ಚಂದ್ರಿಕೆಯೆಂಬ ಬಿದಿರಿನ ತಟ್ಟಿಯ ಮೇಲೆ ಬಿಡದಿದ್ದರೆ ಬೆಳೆಯೇ ಕೈ ತಪ್ಪುತ್ತದೆ. ಸ್ವಂತ ಮಗಳ ನಿಶ್ಚಿತಾರ್ಥವನ್ನೇ ಮಾವ ಹುಳು ಹಣ್ಣಾಯಿತೆಂದು ಮುಂದಕ್ಕೆ ಹಾಕಿದ್ದರು.

ಅವರು ಜಗಳ ತೆಗೆಯುತ್ತಾರೆಂದು ಹೆದರಿದೆ. ಮಾವ ಮೇಡಂಗೆ ಕೈಮುಗಿದು, "ವರ್ಸ ಮಗೀನ ಚೆಂದಾಗ್ ನೋಡ್ಕಂಡ್ರಿ ತಾಯಿ, ಬತ್ತೀವಿ" ಎಂದಷ್ಟೇ ಹೇಳಿ ನನ್ನ ಟ್ರಂಕನ್ನು ತಾವೇ ಹೊತ್ತರು. ಟೆಂಪೋ ಮೈಸೂರು ರಸ್ತೆಗೆ ಇಳಿಯಿತು.

"ಊಟ ಮಾಡ್ದಾ?"

"ಇಲ್ಲ ಮಾವ. ಅವರು ನನ್ನ ಬೇಡ ಅಂದ್ರು."

"ಗೊತ್ತು."

"ಎಲ್ಲರಿಗೂ ಹೇಳಿಬಿಟ್ಟಿದ್ರಿ. ಮನೆ ಬೇರೆ ನೋಡಿಕೊಂಡು ಬಂದಿದ್ರಿ."

ಮಾವ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಮನೆ ನೋಡಕ್ ಹೋಗದು ಹೆಣ್ಣ ಬುಟ್ ಬರಕ್ಕಲ್ಲ ಕಣವ್ವ. ನಾಳೆ ಕರ್ಕಂಡ್ ಬರ್ಬೇಕಾದ್ರೆ ದಾರಿ ಗೊತ್ತಿರ್ಲಿ ಅಂತ."

ಒಂದು ವರ್ಷ ಪೂರ್ತಿ ಎಲ್ಲರನ್ನೂ ನಗಿಸಿದ್ದ ಮನುಷ್ಯ ಆಡಿದ ಮಾತು ಇದು. ನಾನು ಅತ್ತುಬಿಟ್ಟೆ. ಮಾವ ಟೆಂಪೋವನ್ನು ಒಂದು ಹೋಟೆಲ್ಲಿನ ಮುಂದೆ ನಿಲ್ಲಿಸಿದರು. ಮನೆಯಲ್ಲಿ ಹುಳು ಕಾಯುತ್ತಿದ್ದವು, ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಉಂಡು ಮುಗಿಸುವವರೆಗೂ ಎದುರಿಗೆ ಕೂತೇ ಇದ್ದರು.