ಫೋಮ್ ಗಾದಿಯ ಪ್ರಥಮ ಶಯನ

ಮದುವೆಯಲ್ಲಿ ಅತ್ತೆ ಕೊಟ್ಟ ಹತ್ತಿಯ ಗಾದಿಯ ಮೇಲೆ ನಾನು ಹನ್ನೆರಡು ವರ್ಷ ಮಲಗಿದ್ದೇನೆ. ಮಲಗಿದ್ದೇನೆ ಎಂದದ್ದು ಮರ್ಯಾದೆಗೆ. ಅದರ ಒಂದೊಂದು ಗಂಟಿಗೂ ನನ್ನ ಬೆನ್ನಿನ ಪರಿಚಯವಿತ್ತು. ಗಚ್ಚಿಬೌಲಿಯಲ್ಲಿ ವಾರಕ್ಕೊಂದು ಸಾಫ್ಟ್‌ವೇರ್ ಕಂಪನಿ ತೆರೆಯುತ್ತಿದ್ದ ಕಾಲ, ಅಂಥದೊಂದರಲ್ಲಿ ನನಗೂ ಕೆಲಸ (ಊರಲ್ಲಿ ಎಲ್ಲರೂ ನನ್ನನ್ನು ಇಂಜಿನಿಯರ್ ಎಂದುಕೊಂಡಿದ್ದಾರೆ, ನಾನು ನೋಡಿಕೊಳ್ಳುವುದು ಕ್ಯಾಬುಗಳನ್ನು). ಕುರ್ಚಿಯಿಂದ ಏಳುವಾಗಲೆಲ್ಲ "ಅಯ್ಯಪ್ಪಾ!" ಎನ್ನುತ್ತಿದ್ದೆ. ಹೊಸ ಹುಡುಗರು ನಾನು ಮಾಲೆ ಹಾಕಿದ್ದೇನೆಂದು ತಿಳಿದು 'ಸ್ವಾಮಿ, ಸ್ವಾಮಿ' ಎಂದು ಕರೆಯತೊಡಗಿದರು.

ಹೆಂಡತಿ ಶಿವದೇವಿಯ ಮುಂದೆ ಗಾದಿಯ ಮಾತೆತ್ತುವುದೆಂದರೆ ಭಾಲ್ಕಿಯ ಅವಳ ತವರಿನ ಮೇಲೆ ದಂಡೆತ್ತಿ ಹೋದಂತೆ.

"ಗಾದೀದು ಏನ್ ತಪ್ಪೈತ್ರಿ? ದಿನಾ ಹತ್ತು ತಾಸು ಕುರ್ಚ್ಯಾಗ ಕುಂತ್ರ ಬೆನ್ನು ನೋಯಲಾರ್ದ ಏನ್ ಮಾಡತೈತಿ?"

ಕೊನೆಗೆ ಫೋಮ್ ಗಾದಿಗೆ ಒಪ್ಪಿದಳು, ಒಂದು ಷರತ್ತಿನ ಮೇಲೆ: ಅವ್ವನ ಗಾದಿ ಮನೆ ಬಿಟ್ಟು ಹೋಗಕೂಡದು.

ಗಚ್ಚಿಬೌಲಿಯಿಂದ ಲಿಂಗಂಪಲ್ಲಿಯವರೆಗಿನ ಅಂಗಡಿಗಳಲ್ಲಿ ಬೂಟು ಬಿಚ್ಚಿ ಹನ್ನೊಂದು ಗಾದಿಗಳ ಮೇಲೆ ಅಂಗಾತ, ಬೋರಲು, ಮಗ್ಗುಲು ಮಲಗಿ ಪರೀಕ್ಷಿಸಿದೆ. ಒತ್ತಿದರೆ ತಗ್ಗಬೇಕು, ಕೈ ತೆಗೆದರೆ ಏಳಬೇಕು, ಆದರೆ ಸೊಂಟ ಹೂತುಹೋಗಬಾರದು. ಹನ್ನೊಂದನೆಯದರ ಮೇಲಿಂದ ಅಂಗಡಿಯವನು ಅಲುಗಾಡಿಸಿದ ಮೇಲೆಯೇ ಎದ್ದೆ. ಅದನ್ನೇ ಕೊಂಡೆ.

ಹಳೆಯದನ್ನು ಸುತ್ತಿಡಲು ನಮ್ಮ ಫ್ಲ್ಯಾಟಿನಲ್ಲಿ ಜಾಗವೆಲ್ಲಿ? ಶಿವದೇವಿ ಗುಡಿಗೆ ಹೋದಾಗ ಅದನ್ನು ವಾಚ್‌ಮನ್ ಬೂದೆಪ್ಪನಿಗೆ ಕೊಟ್ಟುಬಿಟ್ಟೆ. ಅವಳು ಕೇಳಿದ್ದಕ್ಕೆ, "ಪಿಂಜಾರಗ ಕೊಟ್ಟೀನಿ, ಅರಳಿ ಹಿಂಜಿ ಹೊಸಾದು ಮಾಡಿ ಕೊಡ್ತಾನ" ಎಂದೆ. ಅವಳಿಗೆ ಖುಷಿಯೋ ಖುಷಿ. ನಾನು ಫೋಮ್ ಗಾದಿಯ ಪ್ಲಾಸ್ಟಿಕ್ ಹರಿಯಲು ಕೈ ಹಾಕಿದೆ.

"ಏ, ತಡೀರಿ! ಹೊಸಾ ಹಾಸಿಗಿ ಮ್ಯಾಲ ಮೊದಲ ಹಿರ್ಯಾರು ಮಲಗಬೇಕು. ಅವ್ವ ಬಂದು ಮಲಗಲಿ, ಆಮ್ಯಾಲ ನಾವು."

"ಅತ್ತಿ ಯಾವಾಗ ಬರ್ತಾರ?"

"ದೀಪಾವಳಿಗೆ."

ಅದು ಶ್ರಾವಣ.

ಐದು ದಿನ ನನ್ನದೇ ಗಾದಿಯ ಪಕ್ಕ ನೆಲದ ಮೇಲೆ ಜಮಖಾನೆ ಹಾಸಿಕೊಂಡು ಮಲಗಿದೆ. ಆರನೆಯ ದಿನ ಲೋಕದ ಯಾವ ಅಳಿಯನೂ ಮಾಡದ ಕೆಲಸ ಮಾಡಿದೆ. ಅತ್ತೆ ಪಾರ್ವತೆಮ್ಮನವರಿಗೆ ನಾನೇ ಫೋನು ಹಚ್ಚಿ, "ಲಗೂನ ಬರ್ರಿ ಅತ್ತಿ, ನಿಮ್ಮನ್ನ ಭಾಳ ನೆನಸಾಕತ್ತೀನಿ" ಎಂದೆ. ಅವರು ಗಾಬರಿಯಿಂದ, "ಆರಾಮ ಅದೀರಿಲ್ಲೊ?" ಎಂದರು.

ಭಾನುವಾರ ಲಿಂಗಂಪಲ್ಲಿ ಸ್ಟೇಷನ್ನಿನಲ್ಲಿ ಇಳಿದರು. ಜೊತೆಗೆ ಚಾದರದಲ್ಲಿ ಕಟ್ಟಿದ ನನ್ನೆತ್ತರದ ಒಂದು ಗಂಟು.

"ಏನ್ರಿ ಅತ್ತಿ ಇದು?"

"ಮನಿಗಿ ನಡೀರಿ, ಹೇಳ್ತೀನಿ."

ತಲೆಯ ಮೇಲೆ ಹೊತ್ತು ತಂದು ಆಟೋಗೆ ಹಾಕಿದೆ. ಬೆನ್ನಿನಲ್ಲಿ ನೆಟ್ಟಗಿದ್ದ ಒಂದೆರಡು ಮೂಳೆಗಳೂ ಅವತ್ತೇ ಕೈಕೊಟ್ಟವು.

ನಮ್ಮ ಗೇಟಿನ ಮುಂದೆ ಇಳಿದು ನೋಡುತ್ತೇನೆ, ಬಹಳ ದಿನಕ್ಕೆ ಬಿಸಿಲು ಬಿದ್ದಿತೆಂದು ಬೂದೆಪ್ಪ ಆ ಹಳೆಯ ಗಾದಿಯನ್ನು ಕಂಪೌಂಡ್ ಗೋಡೆಯ ಮೇಲೆ ಒಣಹಾಕಿದ್ದ! (ಬೆನ್ನುನೋವಿನ ಭರದಲ್ಲಿ ಗಾದಿ ಇವನ ಹತ್ತಿರವೇ ಇರುವುದು ನನಗೆ ಪೂರಾ ಮರೆತೇಹೋಗಿತ್ತು.) ಗಾದಿಯ ಸುತ್ತಲೂ ಅತ್ತೆಯದೇ ಹಸಿರು ಇಳಕಲ್ ಸೀರೆಯ ದಡಿ. ಶಿವದೇವಿಯೂ ಅಷ್ಟರಲ್ಲಿ ಕೆಳಗಿಳಿದು ಬಂದಳು.

"ಯಾರದಪಾ ಇದು ಗಾದಿ?" ಎಂದರು ಅತ್ತೆ.

"ಸಾಹೇಬ್ರು ಕೊಟ್ಟಾರ್ರಿ ಅವ್ವಾರ! ದೇವರಂಥಾ ಮನಷ್ಯಾರು!" ಬೂದೆಪ್ಪ ಕೈಮುಗಿದು ನನ್ನ ಸಮಾಧಿಗೆ ಮೊದಲ ಹಿಡಿ ಮಣ್ಣು ಹಾಕಿದ.

"ಪಿಂಜಾರಗ ಕೊಟ್ಟೀನಿ ಅಂದಿದ್ರಲ್ರೀ?" ಶಿವದೇವಿಯ ದನಿ ತಣ್ಣಗಿತ್ತು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಗಾದಿಯನ್ನು ಒಮ್ಮೆ ಒತ್ತಿ ನೋಡಿ, ಬಿದ್ದು ಬಿದ್ದು ನಗತೊಡಗಿದರು.

"ಅಂತೂ ತೊಲಗಿತಲ್ಲ ಪೀಡಾ! ಲಗ್ನದ ಗಡಿಬಿಡ್ಯಾಗ ಹೊಸಾ ಅರಳಿ ಸಿಗಲಿಲ್ರಿ. ನಮ್ಮ ಮಾವನ ಕಾಲದ ಗಾದಿ ಹರದು ಅದರಾಗಿನ ಅರಳಿ ಇದಕ್ಕ ತುಂಬಿಸಿದ್ದೆ. ಅಳಿಯಂದ್ರಿಗೆ ಹೆಂಗ ಹೇಳೂದಂತ ಹನ್ನೆರಡು ವರ್ಷ ನನಗ ನಿದ್ದಿ ಇಲ್ಲ!"

(ನನಗೂ ಇರಲಿಲ್ಲ.)

ಅಬ್ಬಾ, ಹೋದ ಜೀವ ಬಂತು! ಕಾಲು ಮುಟ್ಟಿ ನಮಸ್ಕರಿಸಲು ಬಗ್ಗಿದೆ. ಏಳಲು ಬೂದೆಪ್ಪ ಕೈಹಿಡಿಯಬೇಕಾಯಿತು.

"ಅದಕ್ಕ ಈ ಸಲ ಹೊಸಾ ಅರಳಿ ತುಂಬಿಸಿ ಗಾದಿ ಮಾಡಿಸ್ಕೊಂಡು ಬಂದೀನಿ," ಎಂದು ಅತ್ತೆ ಗಂಟಿನ ಮೇಲೆ ಕೈಯಾಡಿಸಿದರು. "ಖಾಸ ನಿಮ್ಮ ಸಲುವಾಗಿ."

ಫೋಮ್ ಗಾದಿಯ ಪ್ರಥಮ ಶಯನ ಶಾಸ್ತ್ರೋಕ್ತವಾಗಿ ನೆರವೇರಿತು. ಮರುದಿನ ಬೆಳಿಗ್ಗೆ ಅತ್ತೆಯ ಮುಖ ಅರಳಿತ್ತು.

"ಸ್ವರ್ಗ ಐತ್ರಿ ಅಳಿಯಂದ್ರ! ಹಾಸಿಗಿ ಆರಿಸೂದ್ರಾಗ ನೀವು ಭಾಳ ಶ್ಯಾಣ್ಯಾರು. ದೀಪಾವಳಿ ಮುಗಿಸ್ಕೊಂಡೇ ಹೋಗ್ತೀನಿ."

"ನಾನೂ ಅವ್ವನ ಸಂಗಾಟ ಅಲ್ಲೇ ಮಲಗ್ತೀನಿ," ಎಂದಳು ಶಿವದೇವಿ. "ಪಿಂಜಾರನ ದೋಸ್ತರು ಹಾಲ್‌ನ್ಯಾಗ ಮಲಗ್ರಿ."

ಹಾಲಿನಲ್ಲಿ ಅತ್ತೆ ತಂದ ಹತ್ತಿಯ ಗಾದಿ ಹಾಸಿಕೊಂಡು ಮಲಗಿದೆ. ನಿಮಗೆ ಮಾತ್ರ ಹೇಳುತ್ತೇನೆ, ಮೂರೇ ದಿನಕ್ಕೆ ಬೆನ್ನು ನೋವು ಮಾಯ! ಆದರೆ ಹನ್ನೊಂದು ಫೋಮ್ ಗಾದಿಗಳ ಮೇಲೆ ಉರುಳಾಡಿ ಬಂದ ಮೇಲೆ ಇದನ್ನು ಯಾವ ಬಾಯಿಂದ ಒಪ್ಪಿಕೊಳ್ಳಲಿ? ಹಾಗಾಗಿ ದಿನಾ ಬೆಳಿಗ್ಗೆ ಏಳುವಾಗ ಸೊಂಟ ಹಿಡಿದು, ಒಳಗೆ ಕೇಳುವಂತೆ "ಅಯ್ಯಪ್ಪಾ!" ಎನ್ನುತ್ತೇನೆ.

ನಿನ್ನೆ ಅಡುಗೆಮನೆಯಿಂದ ಶಿವದೇವಿಯ ಉತ್ತರ ಬಂತು:

"ರಾತ್ರಿಯೆಲ್ಲಾ ಗೊರಕಿ ಹೊಡಿಯೂ ಮುಂದ ಆ ನೋವು ಎಲ್ಲಿ ಹೋಗಿತ್ರೀ, ಸ್ವಾಮಿ?"